ವರಮಾನವೂ ಬಾಳ್ವೆಯೂ: ಭಾರತ ಮತ್ತು ಶ್ರೀಲಂಕಾ

ಎರಡು ದೇಶಗಳ ಜನಜೀವನವನ್ನು ತೂಗಿನೋಡಹೊರಟವರು ಮೊದಲು ಕೈಹಾಕುವುದು ತಲಾ ವರಮಾನದ ಅಂಕಿಗೆ. ರಾಷ್ಟ್ರದ ಒಟ್ಟು ಉತ್ಪನ್ನವನ್ನು ಜನಸಂಖ್ಯೆಯಿಂದ ಭಾಗಿಸಿದರೆ ದೊರೆಯುವ ಈ ಅಂಕಿ ಸುಲಭವಾದುದು, ಆದುದರಿಂದಲೇ ಜನಪ್ರಿಯವಾದುದು. ಆದರೆ ಆ ಹಣ ಯಾರ ಕೈಸೇರಿತು, ಅದರಿಂದ ಎಷ್ಟು ಶಿಶುಗಳು ಬದುಕಿ ಉಳಿದವು, ಎಷ್ಟು ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದರು ಎಂದು ಕೇಳಿದರೆ ಅದು ಬಾಯಿಬಿಡುವುದಿಲ್ಲ. ಈ ನ್ಯೂನತೆಯನ್ನು ಮನಗಂಡೇ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರು, ಅಮರ್ತ್ಯ ಸೇನರ ನೆರವಿನೊಡನೆ, ಆಯುಷ್ಯ, ವಿದ್ಯೆ, ವರಮಾನ ಈ ಮೂರನ್ನೂ ಕೂಡಿಸಿ ಅಳೆಯುವ ಮಾನವ ಅಭಿವೃದ್ಧಿ ಸೂಚ್ಯಂಕವನ್ನು 1990ರಲ್ಲಿ ವಿಶ್ವಸಂಸ್ಥೆಯ ಮೂಲಕ ಲೋಕದ ಮುಂದಿಟ್ಟರು.

ಈ ಅಳತೆಯಲ್ಲಿ ಶ್ರೀಲಂಕಾ ಬಹುಕಾಲದಿಂದ ಭಾರತಕ್ಕಿಂತ ಮುಂದಿದೆ. ಅಲ್ಲಿಯ ಸರಾಸರಿ ಆಯುಷ್ಯ ಇಂದು 77 ವರ್ಷಗಳಷ್ಟಿದ್ದರೆ ನಮ್ಮದು 72ರ ಆಸುಪಾಸಿನಲ್ಲಿದೆ. ಶಿಶುಮರಣದ ಪ್ರಮಾಣ ಅಲ್ಲಿ ಸಾವಿರಕ್ಕೆ ಹತ್ತನ್ನೂ ಮುಟ್ಟದೆ ಇರುವಾಗ ಇಲ್ಲಿ ಇಪ್ಪತ್ತನ್ನು ಮೀರಿದೆ. ಲಂಕೆಯವರ ತಲಾ ವರಮಾನವೂ ನಮ್ಮದಕ್ಕಿಂತ ಹೆಚ್ಚಿನದೇ ಎಂಬುದು ನಿಜ. ಆದರೆ ಆಯುಷ್ಯದ ಈ ಅಂತರ ಸಿರಿತನದಿಂದ ಹುಟ್ಟಿದುದಲ್ಲ. ಎರಡೂ ದೇಶಗಳು ಬಡದೇಶಗಳೆನಿಸಿದ್ದ 1960ರ ಸುಮಾರಿಗೇ ಲಂಕೆಯವರ ಆಯುಷ್ಯ 60ನ್ನು ಸಮೀಪಿಸಿತ್ತು, ನಮ್ಮದು 45ರ ಹತ್ತಿರದಲ್ಲಿತ್ತು.

ಇದರ ಮೂಲವನ್ನು ಅರಸಹೊರಟರೆ ನಾವು ಆ ದ್ವೀಪದ ರಾಜಕೀಯ ಚರಿತ್ರೆಗೆ ಹೋಗಬೇಕಾಗುತ್ತದೆ. ವಸಾಹತು ಆಳ್ವಿಕೆಯ ಕಾಲದಲ್ಲಿಯೇ, 1931ರಲ್ಲಿ, ಅಲ್ಲಿಯ ವಯಸ್ಕ ಸ್ತ್ರೀಪುರುಷರೆಲ್ಲರಿಗೂ ಮತಾಧಿಕಾರ ಲಭಿಸಿತು. ಭಾರತದಲ್ಲಿ ಅಂಥ ಚುನಾವಣೆ ನಡೆದುದು 1951–52ರಲ್ಲಿ. 1934–35ರ ಮಲೇರಿಯಾ ಮಾರಿ ಸುಮಾರು 80 ಸಾವಿರ ಜನರನ್ನು ಬಲಿತೆಗೆದುಕೊಂಡಾಗ, ಓಟು ಬೇಡಿ ಹಳ್ಳಿಗೆ ಹೋಗಲೇಬೇಕಾಗಿದ್ದ ನಾಯಕರಿಗೆ ಆಸ್ಪತ್ರೆಯ ಮಾತನ್ನು ತಳ್ಳಿಹಾಕುವುದು ಸಾಧ್ಯವಿರಲಿಲ್ಲ. ಶಿಕ್ಷಣ ಸಚಿವರಾಗಿದ್ದ ಸಿ. ಡಬ್ಲ್ಯು. ಡಬ್ಲ್ಯು. ಕನ್ನಂಗರ ಅವರ ಪ್ರಯತ್ನದಿಂದ 1945ರಲ್ಲಿ ಉಚಿತ ಶಿಕ್ಷಣ ಜಾರಿಗೆ ಬಂದಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ದೇಶವನ್ನು ಮಲೇರಿಯಾಮುಕ್ತವೆಂದು ಸಾರಿತು.

ಹೀಗೆ ಬೆಳೆದ ಆರೋಗ್ಯ ವ್ಯವಸ್ಥೆಯ ಕೊನೆಯ ಕೊಂಡಿಯೆಂದರೆ, ನಮ್ಮ ಕಡೆ ನರ್ಸಮ್ಮ ಎಂದು ಕರೆಯಬಹುದಾದ, ಸರಕಾರಿ ಸಂಬಳದ, ತರಬೇತಿ ಹೊಂದಿದ ಪ್ರಸೂತಿ ದಾದಿ. ತನಗೆ ವಹಿಸಿದ ಕೆಲವೇ ಸಾವಿರ ಜನರೊಳಗೆ ಬಸುರಿ ಯಾರು, ಬಾಣಂತಿ ಯಾರು, ಹೊಸದಾಗಿ ಮದುವೆಯಾದವರು ಯಾರು ಎಂಬುದನ್ನು ಆಕೆ ರಿಜಿಸ್ಟರಿನಲ್ಲಿ ಬರೆದಿಟ್ಟುಕೊಂಡು ಮನೆಮನೆಗೆ ಹೋಗುತ್ತಾಳೆ. ಕೂಸನ್ನು ತೂಗಿ, ಕಾರ್ಡಿನ ನಕ್ಷೆಯಲ್ಲಿ ಚುಕ್ಕೆಯಿಟ್ಟು, ಗೆರೆ ಕೆಳಗಿಳಿದಿದ್ದರೆ ತಾಯಿಯನ್ನು ಅಂದೇ ಪ್ರಶ್ನಿಸುತ್ತಾಳೆ. ಅಂಕಿಅಂಶಗಳ ಪುಸ್ತಕದಲ್ಲಿ ಶಿಶುಮರಣದ ಇಳಿಕೆಯೆಂದು ತೋರುವುದರ ಬಹುಭಾಗ ಇಂಥ ತಿರುಗಾಟದ ಫಲ.

ಹೀಗೆಂದ ಮಾತ್ರಕ್ಕೆ ಲಂಕೆಯನ್ನು ಆದರ್ಶವೆಂದು ಎತ್ತಿಹಿಡಿಯುವುದು ನ್ಯಾಯವಾಗದು. ಸರಾಸರಿ ಎಂಬುದು ಎರಡೂ ಕಡೆ ಬಹಳಷ್ಟನ್ನು ಮುಚ್ಚಿಡುತ್ತದೆ: ಭಾರತದೊಳಗೇ ಕೇರಳದ ಶಿಶುಮರಣ ಲಂಕೆಯದಕ್ಕೆ ಸಮನಾಗಿದ್ದರೆ ಮಧ್ಯಪ್ರದೇಶದ್ದು ಅದರ ಹಲವು ಪಟ್ಟಾಗಿದೆ, ಲಂಕೆಯ ಚಹಾತೋಟಗಳ ಲೈನ್‌ಮನೆಗಳಲ್ಲಿ ಬಾಳುವ ತಮಿಳು ಕೂಲಿಕಾರರು, 1948ರ ಕಾನೂನಿನಿಂದ ಪೌರತ್ವವನ್ನೂ ಅದರೊಡನೆ ಮತವನ್ನೂ ಕಳೆದುಕೊಂಡವರು, ಈ ಸೌಕರ್ಯಗಳಲ್ಲಿ ದೀರ್ಘಕಾಲ ಹಿಂದುಳಿದರು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಭಾರತಕ್ಕೆ ಬಂದ ಅಂಥ ಕುಟುಂಬಗಳಲ್ಲಿ ಕೆಲವು ನಮ್ಮ ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳಲ್ಲಿ ನೆಲೆಸಿವೆ. ಮತವಿದ್ದವರಿಗೆ ಆಸ್ಪತ್ರೆ ಬೇಗ ಬಂದಿತು, ಇಲ್ಲದವರಿಗೆ ತಡವಾಯಿತು ಎಂಬ ಮಾತಿಗೆ ಇವರ ಕಥೆಯೇ ಸಾಕ್ಷಿ.

ವರಮಾನದ ಮಹತ್ತ್ವವನ್ನಾದರೋ 2022ರ ವಿಷಮ ಪರಿಸ್ಥಿತಿ ಕಟುವಾಗಿ ತಿಳಿಸಿತು. ತೆರಿಗೆಯ ಕಡಿತ, ವಿದೇಶೀ ಸಾಲದ ಹೊರೆ, ಕುಸಿದುಬಿದ್ದ ಪ್ರವಾಸೋದ್ಯಮ, 2021ರ ರಾಸಾಯನಿಕ ಗೊಬ್ಬರದ ನಿಷೇಧ ಇವೆಲ್ಲ ಒಂದಾಗಿ ಲಂಕೆ ಸಾಲ ತೀರಿಸಲಾರದಾಯಿತು. ಪೆಟ್ರೋಲಿಗೆ, ಅಡುಗೆ ಅನಿಲಕ್ಕೆ ಜನ ದಿನಗಟ್ಟಲೆ ಸಾಲುನಿಂತರು, ಉಚಿತ ಚಿಕಿತ್ಸೆಯ ಆಸ್ಪತ್ರೆಗಳಲ್ಲಿ ಔಷಧಿಗಳು ಬರಿದಾದವು. ಆಗ ಭಾರತವು ಸುಮಾರು 400 ಕೋಟಿ ಡಾಲರುಗಳ ನೆರವನ್ನು ನೀಡಿತು.

ಆದುದರಿಂದ ಬಾಳ್ವೆಯ ಮಟ್ಟವನ್ನು ಅಳೆಯುವವನು ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಬೇಕು: ದೇಶ ಗಳಿಸಿದುದರಲ್ಲಿ ಎಷ್ಟು ಪಾಲು ಬಡವನ ಮನೆಯ ಹೊಸ್ತಿಲನ್ನು ತಲಪುತ್ತದೆ, ಮತ್ತು ಹಾಗೆ ತಲಪಿಸುವ ಶಕ್ತಿ ಎಷ್ಟು ಕಾಲ ಉಳಿಯುತ್ತದೆ? ಮೊದಲನೆಯದನ್ನು ಭಾರತ ಲಂಕೆಯಿಂದ ಕಲಿಯಬೇಕಾಗಿದೆ. ಎರಡನೆಯದಕ್ಕೆ ಲಂಕೆ ಈಗ ಉತ್ತರ ಹುಡುಕುತ್ತಿದೆ.