ಬೀದಿಯ ಉಬ್ಬುಗಳು: ರಕ್ಷಣೆಯೋ, ಕಂಟಕವೋ?

ಪ್ರಾತಃಕಾಲದ ಇಷ್ಟಲಿಂಗ ಪೂಜೆಯನ್ನು ಮುಗಿಸಿ, ಮಗುವನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಶಾಲೆಗೆ ಹೊರಡುವ ತಂದೆಗೆ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವುದು ರಸ್ತೆ ಉಬ್ಬು. ಆಡುಮಾತಿನಲ್ಲಿ ಇದನ್ನೇ 'ಹಂಪ್ಸ್' ಎನ್ನುತ್ತೇವೆ. ನಮ್ಮ ಬಾಗಿಲ ಮುಂದೊಂದು ಉಬ್ಬು ಬೇಕೆಂದು ಕೇಳುವ ನಾವೇ ವಾಹನವೇರಿದೊಡನೆ ಪರರ ಬಾಗಿಲ ಮುಂದಿನ ಉಬ್ಬನ್ನು ಶಪಿಸುತ್ತೇವೆ! ಈ ವಿಷಯವನ್ನು ಸಮಚಿತ್ತದಿಂದ ಪರಿಶೀಲಿಸುವುದು ಉಚಿತ.

ಉಬ್ಬಿನ ಕಲ್ಪನೆ ಹೊಸದೇನಲ್ಲ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಆರ್ಥರ್ ಕಾಂಪ್ಟನ್ ಅವರು 1953ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದ ತಮ್ಮ ವಿಶ್ವವಿದ್ಯಾಲಯದ ಆವರಣದಲ್ಲಿ ವಾಹನಗಳ ವೇಗ ತಗ್ಗಿಸಲು ಇಂತಹ ಉಬ್ಬುಗಳನ್ನು ರೂಪಿಸಿದ್ದರು. ಅದರ ಉದ್ದೇಶ ಜೀವರಕ್ಷಣೆಯೇ ಆಗಿದೆ. ಪಾದಚಾರಿಗಳೂ ವಾಹನಗಳೂ ಬೆರೆತು ಸಾಗುವ ಬೀದಿಗಳಲ್ಲಿ ವೇಗವು ಗಂಟೆಗೆ 30 ಕಿ.ಮೀ. ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೀದಿಯಲ್ಲಿ ಆಡುವ ಮಗುವಿನ, ಊರುಗೋಲು ಹಿಡಿದು ರಸ್ತೆ ದಾಟುವ ಅಜ್ಜಿಯ ಪ್ರಾಣ ಈ ಮಿತಿಯನ್ನು ಅವಲಂಬಿಸಿದೆ.

ಆದರೆ ಉಬ್ಬಿಗೂ ಒಂದು ಶಾಸ್ತ್ರವುಂಟು. ಭಾರತೀಯ ರಸ್ತೆ ಕಾಂಗ್ರೆಸ್ಸು 1988ರಲ್ಲಿ ಪ್ರಕಟಿಸಿ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೇ ಇದಕ್ಕೆ ಆಧಾರ. ಸಾಮಾನ್ಯ ಸಂಚಾರದ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರವಿದ್ದು, ಬೆನ್ನು ಬಾಗಿದಂತೆ ನುಣುಪಾಗಿರಬೇಕು. ಅದರ ಮೇಲೆ ವಾಹನವು ಗಂಟೆಗೆ 25 ಕಿ.ಮೀ. ವೇಗದಲ್ಲಿ ನಿರಾಯಾಸವಾಗಿ ಸಾಗಬೇಕು. 40 ಮೀಟರ್ ಮುಂಚೆಯೇ ಎಚ್ಚರಿಕೆಯ ಫಲಕವಿರಬೇಕು. ಉಬ್ಬಿನ ಮೇಲೆ ಇರುಳಿನಲ್ಲೂ ಹೊಳೆಯುವ ಬಣ್ಣವಿರಬೇಕು. ಸಾಲಾಗಿ ಹಾಕುವುದಾದರೆ ಒಂದರಿಂದ ಇನ್ನೊಂದಕ್ಕೆ 100ರಿಂದ 120 ಮೀಟರ್ ಅಂತರವಿರಬೇಕು.

ಈ ಅಳತೆ ತಪ್ಪಿದರೆ ಆಗುವ ನಷ್ಟವನ್ನು ಒಂದು ಸರಳ ಲೆಕ್ಕದಿಂದ ಅರಿಯಬಹುದು. ಸುಮಾರು 1,000 ಕಿಲೋ ತೂಕದ ಕಾರು 30 ಕಿ.ಮೀ. ವೇಗದಿಂದ 25ಕ್ಕೆ ಇಳಿದು ಮತ್ತೆ ವೇಗ ಪಡೆಯಲು ಒಂದೂಕಾಲು ಮಿಲಿಲೀಟರಿನಷ್ಟು ಪೆಟ್ರೋಲ್ ಸಾಕು. ಗೋಡೆಯಂತೆ ಎದ್ದುನಿಂತ ಉಬ್ಬಿಗಾಗಿ 10ಕ್ಕೆ ಇಳಿಯಬೇಕಾದರೆ ಸುಮಾರು 4 ಮಿಲಿಲೀಟರ್, ಅಂದರೆ ಮೂರು ಪಟ್ಟು ಬೇಕು. ಬ್ರೇಕ್ ಒತ್ತಿದಾಗ ವಾಹನದ ಚಲನಶಕ್ತಿಯು ಶಾಖವಾಗಿ ವ್ಯರ್ಥವಾಗುವುದೇ ಇದಕ್ಕೆ ಕಾರಣ. ದಿನಕ್ಕೆ ಇಂತಹ 20 ಉಬ್ಬುಗಳನ್ನು ದಾಟುವ ಕುಟುಂಬವು 300 ದಿನಗಳಲ್ಲಿ ಸುಮಾರು 24 ಲೀಟರ್ ಪೆಟ್ರೋಲನ್ನು ಇದಕ್ಕೇ ವ್ಯಯಿಸಬೇಕಾಗುತ್ತದೆ. ಅಳತೆಗೆ ತಕ್ಕ ಉಬ್ಬಾದರೆ 8 ಲೀಟರಿನಲ್ಲಿ ಮುಗಿಯುತ್ತದೆ. ಹತ್ತಾರು ಪಟ್ಟು ತೂಕದ ಬಸ್ಸುಗಳ ನಷ್ಟವನ್ನು ಓದುಗರೇ ಊಹಿಸಬಹುದು.

ಇಂಧನಕ್ಕಿಂತ ದೊಡ್ಡದು ದೇಹದ ಮಾತು. ಬಣ್ಣವಿಲ್ಲದ ಉಬ್ಬು ಕತ್ತಲಲ್ಲಿ ಕಾಣದೆ, ಸ್ಕೂಟರಿನ ಹಿಂಬದಿಯಲ್ಲಿ ಒಂದೇ ಪಕ್ಕಕ್ಕೆ ಕುಳಿತ ತಾಯಿ ಎಗರಿ ಬೀಳುವ ಅಪಾಯವಿದೆ. ಬೆನ್ನುನೋವಿನ ಹಿರಿಯರಿಗೂ ಗರ್ಭಿಣಿಯರಿಗೂ ಪ್ರತಿಯೊಂದು ಕುಲುಕೂ ಯಾತನೆಯೇ. ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆಗೆ ರೋಗಿಯನ್ನು ಒಯ್ಯುವ ಆಂಬುಲೆನ್ಸಿಗೆ ಒಂದೊಂದು ಕ್ಷಣವೂ ಅಮೂಲ್ಯವಾದುದು.

ಹಾಗೆಂದು ಉಬ್ಬುಗಳೇ ಬೇಡವೆನ್ನುವುದು ಸಲ್ಲದು. ಬೇಕಾದುದು ಸರಿಯಾದ ಸ್ಥಳದಲ್ಲಿ ಸರಿಯಾದ ಉಬ್ಬು. ರಾತ್ರೋರಾತ್ರಿ ಸಿಮೆಂಟ್ ಸುರಿದು ತಾವೇ ಉಬ್ಬು ಕಟ್ಟುವುದನ್ನು ನಿವಾಸಿಗಳು ಬಿಡಬೇಕು. ಬಡಾವಣೆಯ ಸಂಘದ ಮೂಲಕ ನಗರಪಾಲಿಕೆಗೂ ಸಂಚಾರ ಪೊಲೀಸರಿಗೂ ಮನವಿ ಸಲ್ಲಿಸಿ, ಬಣ್ಣ ಮಾಸಿದ ಮತ್ತು ಅಳತೆಗೆಟ್ಟ ಉಬ್ಬುಗಳ ಪಟ್ಟಿಯನ್ನು ಕೊಡಬೇಕು. ರಸ್ತೆಯ ವಿನ್ಯಾಸದ ಲೋಪದಿಂದ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಲ್ಲಿ ಅವಕಾಶವಿದೆ. ಚಾಲಕರೂ ದೂರದಿಂದಲೇ ಆಕ್ಸಿಲರೇಟರ್ ಬಿಟ್ಟು ನಿಧಾನಿಸಿದರೆ ಬ್ರೇಕಿನ ಸವೆತವೂ ಇಂಧನದ ವ್ಯಯವೂ ಕಡಿಮೆಯಾಗುತ್ತವೆ.

ಶರಣರು ಕಾಯಕವನ್ನು ಪೂಜೆಯೆಂದೇ ಬಗೆದರು. ರಸ್ತೆ ಹಾಕುವವನು ಅಳತೆಗೋಲು ಹಿಡಿದು ಉಬ್ಬು ಕಟ್ಟುವುದೂ ಕಾಯಕವೇ; ಉಬ್ಬಿಲ್ಲದ ಬೀದಿಯಲ್ಲಿಯೂ ಅನ್ಯರ ಮಗುವನ್ನು ನೆನೆದು ವೇಗ ತಗ್ಗಿಸುವುದು ದಯೆ. ಆ ದಯೆ ನಮ್ಮೆಲ್ಲರಲ್ಲಿ ನೆಲೆಗೊಂಡ ದಿನ ಬೀದಿಗೆ ಇಷ್ಟೊಂದು ಉಬ್ಬುಗಳ ಅಗತ್ಯವೇ ಇರದು.