ಡೇ ಬೈ ಡೇ: ಒಂದು ಸಣ್ಣ ಮಾತು, ಬಳಸುವುದು ಹೇಗೆ?

ಮುಂಬ್ರಾದ ನಮ್ಮ ಬಿಲ್ಡಿಂಗಿನಲ್ಲಿ ಪುತ್ತೂರು ಕಡೆಯ ಒಂದು ಕುಟುಂಬವಿದೆ. ತಂದೆ ಡೊಂಬಿವಲಿಯ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತಾರೆ. ಮಗಳು ಎಸ್ಸೆಸ್ಸೆಲ್ಸಿವರೆಗೆ ಊರಿನಲ್ಲಿ ಅಜ್ಜಿಯ ಜೊತೆಗಿದ್ದು ಕನ್ನಡ ಮಾಧ್ಯಮದಲ್ಲಿ ಓದಿದವಳು. ಆಮೇಲೆ ಇಲ್ಲಿಗೆ ಬಂದು ಕಲ್ಯಾಣಿನಲ್ಲಿ ಬಿ.ಕಾಂ. ಮುಗಿಸಿದಳು. ಕಳೆದ ತಿಂಗಳು ಐರೋಲಿಯ ಕಂಪನಿಯೊಂದಕ್ಕೆ ಇಂಟರ್‌ವ್ಯೂಗೆ ಹೋಗಿ ಬಂದವಳು, "ಇನ್ನು ನಾನು ಎಲ್ಲಿಗೂ ಹೋಗುವುದಿಲ್ಲ ಮಾಮ" ಎಂದುಬಿಟ್ಟಳು.

ಏನಾಯಿತು ಅಂತ ಕೇಳಿದೆ. "ನಿಮ್ಮ ಇಂಗ್ಲಿಷ್ ಹೇಗಿದೆ?" ಎಂದು ಅಲ್ಲಿ ಕೇಳಿದರಂತೆ. ಇವಳು ಪ್ರಾಮಾಣಿಕವಾಗಿಯೇ ಉತ್ತರ ಕೊಟ್ಟಿದ್ದಾಳೆ: "ಮೈ ಇಂಗ್ಲಿಷ್ ಈಸ್ ಇಂಪ್ರೂವಿಂಗ್ ಡೇ ಟು ಡೇ." ಎದುರಿಗಿದ್ದ ಇಬ್ಬರೂ ಮುಖ ಮುಖ ನೋಡಿ ನಕ್ಕರಂತೆ. ಅಲ್ಲಿಂದ ಮುಂದೆ ಇವಳ ಬಾಯಿಂದ ಮಾತೇ ಹೊರಡಲಿಲ್ಲ.

"ನಾನು ಏನು ತಪ್ಪು ಹೇಳಿದೆ ಮಾಮ?" ಎಂದು ಅವಳು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ಅವಳೊಬ್ಬಳ ತೊಂದರೆಯಲ್ಲ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಮಾತನಾಡುವ ನಮ್ಮಲ್ಲಿ ಬಹಳ ಮಂದಿ ಎಡವುವ ಜಾಗ ಇದು.

ಅವಳು ಹೇಳಬೇಕಾಗಿದ್ದದ್ದು 'ಡೇ ಬೈ ಡೇ'. ಅರ್ಥ ಸುಲಭ: ದಿನ ಕಳೆದಂತೆ ಸ್ವಲ್ಪ ಸ್ವಲ್ಪವಾಗಿ. ಕನ್ನಡದಲ್ಲಿ ನಾವು 'ದಿನದಿಂದ ದಿನಕ್ಕೆ' ಎನ್ನುತ್ತೇವೆ. 'ಕ್ಕೆ' ಎಂದಾಗ ನಮ್ಮ ತಲೆಗೆ ಕೂಡಲೇ ಬರುವುದು 'ಟು'. ಹಾಗಾಗಿ 'ಡೇ ಟು ಡೇ' ಎಂದುಬಿಡುತ್ತೇವೆ. ಇಲ್ಲಿನ ಮರಾಠಿಯವರು 'ದಿವಸೇಂದಿವಸ್' ಎನ್ನುತ್ತಾರೆ, ಉರ್ದುವಿನಲ್ಲಿ 'ರೋಜ್ ಬ ರೋಜ್' ಎಂದಿದೆ. ಎಲ್ಲ ಭಾಷೆಯಲ್ಲೂ ಈ ಭಾವ ಇದೆ, ಆದರೆ ಜೋಡಿಸುವ ರೀತಿ ಒಂದೊಂದರದ್ದು ಒಂದೊಂದು. ಅದನ್ನು ಪದಕ್ಕೆ ಪದ ಇಟ್ಟು ಸಾಗಿಸಲು ಬರುವುದಿಲ್ಲ.

ಈಗ ಬಳಕೆ ನೋಡೋಣ. 'ಡೇ ಬೈ ಡೇ' ಬರಬೇಕಾದರೆ ವಾಕ್ಯದಲ್ಲಿ ಏನಾದರೊಂದು ಬದಲಾಗುತ್ತಾ ಇರಬೇಕು. ಹೆಚ್ಚುವುದು, ಕಡಿಮೆಯಾಗುವುದು, ಕಲಿಯುವುದು, ಗುಣವಾಗುವುದು, ಇಂಥ ಕ್ರಿಯಾಪದಗಳ ಜೊತೆ ಅದು ಚೆನ್ನಾಗಿ ಕೂರುತ್ತದೆ.

"ಮೈ ಗ್ರ್ಯಾಂಡ್‌ಮದರ್ ಈಸ್ ಗೆಟಿಂಗ್ ಬೆಟರ್ ಡೇ ಬೈ ಡೇ." ಅಜ್ಜಿ ದಿನದಿಂದ ದಿನಕ್ಕೆ ಚೇತರಿಸಿಕೊಳ್ಳುತ್ತಿದ್ದಾರೆ.

"ಡೇ ಬೈ ಡೇ, ಹೀ ಲರ್ನ್ಡ್ ಮರಾಠಿ ಫ್ರಮ್ ಹಿಸ್ ಕಸ್ಟಮರ್ಸ್." ಗಿರಾಕಿಗಳ ಬಾಯಿಂದಲೇ ಅವನು ದಿನೇ ದಿನೇ ಮರಾಠಿ ಕಲಿತ.

ಈ ಮಾತು ವಾಕ್ಯದ ಕೊನೆಯಲ್ಲೂ ಬರಬಹುದು, ಮೊದಲಲ್ಲೂ ಬರಬಹುದು. ಮೊದಲು ಬಂದರೆ ಸಾಮಾನ್ಯವಾಗಿ ಅದರ ನಂತರ ಅಲ್ಪವಿರಾಮ ಹಾಕುತ್ತಾರೆ.

ಬದಲಾವಣೆ ಇಲ್ಲದೆ ಬರೀ ಪ್ರತಿದಿನ ನಡೆಯುವ ಕೆಲಸವಾದರೆ 'ಎವೆರಿ ಡೇ' ಸಾಕು. "ಐ ಗೋ ಟು ಕಾಲೇಜ್ ಎವೆರಿ ಡೇ" ಸರಿ, ಅಲ್ಲಿ 'ಡೇ ಬೈ ಡೇ' ಹಾಕಿದರೆ ತಪ್ಪು. ಹಾಗೆಯೇ ಒಂದೇ ಸಲ ಮುಗಿದುಹೋಗುವ ಸಂಗತಿಗೂ ಅದು ಸೇರುವುದಿಲ್ಲ. "ಪರೀಕ್ಷೆ ಪಾಸಾದೆ" ಎನ್ನುವುದು ಒಂದು ದಿನದ ಸುದ್ದಿ. ಅದಕ್ಕೆ ಮಾಡಿದ ತಯಾರಿ 'ಡೇ ಬೈ ಡೇ'.

ಹಾಗಾದರೆ 'ಡೇ ಟು ಡೇ' ಎನ್ನುವುದು ಇಲ್ಲವೇ ಇಲ್ಲವೇ? ಇದೆ, ಕೆಲಸ ಬೇರೆ. ನಾಮಪದದ ಮುಂದೆ ಬಂದರೆ ಅದು 'ದಿನನಿತ್ಯದ' ಎಂಬ ಅರ್ಥ ಕೊಡುತ್ತದೆ: 'ಡೇ-ಟು-ಡೇ ಎಕ್ಸ್‌ಪೆನ್ಸಸ್', ಅಂದರೆ ದಿನನಿತ್ಯದ ಖರ್ಚು. 'ಫ್ರಮ್ ಡೇ ಟು ಡೇ' ಎಂದರೆ ಒಂದು ದಿನಕ್ಕೂ ಮರುದಿನಕ್ಕೂ ವ್ಯತ್ಯಾಸ. "ದ ಪ್ರೈಸ್ ಆಫ್ ಫಿಶ್ ಚೇಂಜಸ್ ಫ್ರಮ್ ಡೇ ಟು ಡೇ." ಮೀನಿನ ರೇಟು ಇವತ್ತು ಏರುತ್ತದೆ, ನಾಳೆ ಇಳಿಯುತ್ತದೆ. ಅಲ್ಲಿ ಏರಿಳಿತ ಇದೆ, ಪ್ರಗತಿ ಇಲ್ಲ.

ಇನ್ನೊಂದು 'ಡೇ ಆಫ್ಟರ್ ಡೇ'. ಇದರಲ್ಲಿ ಬೇಸರದ ವಾಸನೆ ಇರುತ್ತದೆ. "ಡೇ ಆಫ್ಟರ್ ಡೇ, ಹೀ ಸ್ಟ್ಯಾಂಡ್ಸ್ ಇನ್ ದ ಸೇಮ್ ಕ್ರೌಡೆಡ್ ಟ್ರೇನ್." ಕಲ್ಯಾಣಿನಿಂದ ಸಿಎಸ್‌ಎಂಟಿಗೆ ಒಂದು ಗಂಟೆಗೂ ಮೇಲೆ ನಿಂತೇ ಹೋಗುವವರಿಗೆ ಈ ವಾಕ್ಯ ವಿವರಿಸಬೇಕಾಗಿಲ್ಲ.

'ಸ್ಟೆಪ್ ಬೈ ಸ್ಟೆಪ್' ಇದೇ ಕುಟುಂಬದ್ದು, ಆದರೆ ಅದು ಹಂತಗಳ ಲೆಕ್ಕ. ನಮ್ಮ ಕಣ್ಣೆದುರಿನ ರೈಲನ್ನೇ ತಗೊಳ್ಳಿ. ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಓಡಿತು. ದೂರ ಸುಮಾರು 34 ಕಿಲೋಮೀಟರ್. ಮರುವರ್ಷ, 1854ರಲ್ಲಿ, ಹಳಿ ಕಲ್ಯಾಣ್ ಮುಟ್ಟಿತು. ಭೋರ್ ಘಾಟಿಯನ್ನು ಕೊರೆದು ರೈಲು ಮೇಲೆ ಹತ್ತಲು 1863ರವರೆಗೆ ಕಾಯಬೇಕಾಯಿತು. "ದ ರೈಲ್ವೇ ಕ್ಲೈಂಬ್ಡ್ ಟು ದ ಡೆಕ್ಕನ್ ಸ್ಟೆಪ್ ಬೈ ಸ್ಟೆಪ್." ಥಾಣೆ ಒಂದು ಹಂತ, ಕಲ್ಯಾಣ್ ಇನ್ನೊಂದು, ಘಾಟಿ ಮತ್ತೊಂದು.

'ರೋಮ್ ವಾಸ್ ನಾಟ್ ಬಿಲ್ಟ್ ಇನ್ ಎ ಡೇ' ಎನ್ನುವುದನ್ನು ನೀವು ಶಾಲೆಯಲ್ಲಿ ಬಾಯಿಪಾಠ ಮಾಡಿರುತ್ತೀರಿ. ರೋಮ್ ದೂರವಾಯಿತು, ನವಿ ಮುಂಬಯಿ ನೋಡಿ. ಅದನ್ನು ಕಟ್ಟಲು ಸಿಡ್ಕೋ ಸ್ಥಾಪನೆಯಾದದ್ದು 1970ರಲ್ಲಿ. ಖಾಡಿಗೆ ಅಡ್ಡಲಾಗಿ ವಾಶಿಯ ಮೊದಲ ಸೇತುವೆ ಬಂದದ್ದು 1973ರಲ್ಲಿ. ಮಾನ್‌ಖುರ್ದ್‌ನಿಂದ ವಾಶಿಗೆ ಲೋಕಲ್ ರೈಲು ಬರಲು 1992 ಆಯಿತು. ಥಾಣೆಯಿಂದ ಐರೋಲಿ ಮಾರ್ಗವಾಗಿ ವಾಶಿಗೆ ರೈಲು ಶುರುವಾದದ್ದು 2004ರಲ್ಲಿ. ಆ ಹುಡುಗಿ ಇಂಟರ್‌ವ್ಯೂಗೆ ಹೋದದ್ದು ಅದೇ ರೈಲಿನಲ್ಲಿ. ಮೂವತ್ತನಾಲ್ಕು ವರ್ಷದ ಕೆಲಸದ ಮೇಲೆ ಕೂತು ಹೋಗಿದ್ದಾಳೆ, ತನಗೆ ಮಾತ್ರ ಮೂರು ವರ್ಷದಲ್ಲಿ ಇಂಗ್ಲಿಷ್ ಪೂರ್ತಿ ಬರಬೇಕಿತ್ತು ಎಂದುಕೊಂಡಿದ್ದಾಳೆ!

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. 'ಡೇ ಬೈ ಡೇ' ಅಂದರೆ ಪ್ರತಿದಿನವೂ ಪ್ರಗತಿ ಕಣ್ಣಿಗೆ ಕಾಣುತ್ತದೆ ಅಂತಲ್ಲ. ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತೇವೆ, ಆದರೆ ಹನಿ ಬೀಳುವಾಗ ಹಳ್ಳ ಕಾಣುವುದಿಲ್ಲ. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹಿರಿಯರನ್ನು ಕೇಳಿ ನೋಡಿ. ಹಗಲೆಲ್ಲ ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ನಿದ್ದೆಗಣ್ಣಿನಲ್ಲಿ ಪುಸ್ತಕ ಹಿಡಿದು ಮೆಟ್ರಿಕ್ ಮಾಡಿದವರು ಅವರು. ತಾವು ಮುಂದೆ ಹೋಗುತ್ತಿದ್ದೇವೆ ಎಂದು ಅವರಿಗೆ ಎಷ್ಟೋ ದಿನ ಅನಿಸಿರಲಿಕ್ಕಿಲ್ಲ. ಆದರೂ ಮರುದಿನ ಶಾಲೆಗೆ ಹೋದರು.

ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇಷ್ಟೆ. ದಿನಕ್ಕೆ ಮೂರು ವಾಕ್ಯ, ನಿಮ್ಮದೇ ಬದುಕಿನದ್ದು. ಅಂಗಡಿ, ಅಡುಗೆಮನೆ, ಲೋಕಲ್ ರೈಲು, ಯಾವುದಾದರೂ ಆಗಬಹುದು. ಬರೆಯಿರಿ, ಆಮೇಲೆ ಗಟ್ಟಿಯಾಗಿ ಹೇಳಿ. ತಿಂಗಳ ಕೊನೆಗೆ ಮೊದಲ ಪುಟ ತೆಗೆದು ಓದಿ, ಆಗ ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ನಮ್ಮ ಬಿಲ್ಡಿಂಗಿನ ಹುಡುಗಿ ಈಗ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಕಳೆದ ವಾರ ತುರ್ಭೆಯಲ್ಲಿ ಇನ್ನೊಂದು ಇಂಟರ್‌ವ್ಯೂಗೆ ಹೋಗಿ ಬಂದಳು. ಅಲ್ಲೂ ಅದೇ ಪ್ರಶ್ನೆ ಕೇಳಿದರಂತೆ. "ಈ ಸಲ 'ಬೈ' ಹೇಳಿದೆ ಮಾಮ, ಯಾರೂ ನಗಲಿಲ್ಲ" ಎಂದಳು. ಸೋಮವಾರ ಮತ್ತೊಂದು ಕಡೆ ಹೋಗುವವಳಿದ್ದಾಳೆ.