ಒಮ್ಮೆ ಆ್ಯಪ್ ಮಾಡಿದರೆ ಮಲಗಿದ್ದಾಗಲೂ ತಿಂಗಳಿಗೆ ಒಂದೂವರೆ ಲಕ್ಷ ಬರುತ್ತದೆಯೇ?

“ಒಂದೇ ಸಲ ಕೆಲಸ, ಜೀವನಪೂರ್ತಿ ಆದಾಯ! ಎಐ ಬಳಸಿ ಒಂದೇ ದಿನದಲ್ಲಿ ಆ್ಯಪ್ ಮಾಡಿ. ತಿಂಗಳಿಗೆ 300 ರೂಪಾಯಿ ಕೊಡುವ 500 ಜನ ಸಿಕ್ಕರೆ ಸಾಕು, ಮಲಗಿದ್ದರೂ ಒಂದೂವರೆ ಲಕ್ಷ!” ಈ ಧಾಟಿಯ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಜೊತೆಗೆ ದೊಡ್ಡ ಮೊತ್ತ ತೋರಿಸುವ ಒಂದು ಸ್ಕ್ರೀನ್‌ಶಾಟ್, ಅದರ ಕೆಳಗೆ ತರಬೇತಿಗೆ ಸೇರಲು ಲಿಂಕ್. ಇದನ್ನು ನಂಬಿ ಕೆಲಸ ಬಿಡಲು ಹೊರಟವರೂ ಇರುತ್ತಾರೆ. ಹಾಗಾಗಿ ಲೆಕ್ಕ ಹಾಕಿ ನೋಡೋಣ.

ಮೊದಲೇ ಹೇಳಿಬಿಡುತ್ತೇವೆ: ಈ ಸಂದೇಶ ಪೂರ್ತಿ ಸುಳ್ಳಲ್ಲ. 500ನ್ನು 300ರಿಂದ ಗುಣಿಸಿದರೆ ಒಂದೂವರೆ ಲಕ್ಷವೇ ಆಗುತ್ತದೆ. ಒಬ್ಬರೇ ಕೂತು ಸಾಫ್ಟ್‌ವೇರ್ ಮಾಡಿ, ಬಳಸುವವರಿಂದ ಚಂದಾ ಪಡೆದು, ಯಾರ ಹೂಡಿಕೆಯೂ ಇಲ್ಲದೆ ವರ್ಷಗಟ್ಟಲೆ ಬದುಕಿದವರೂ ಇದ್ದಾರೆ. ಚಂದಾ ಎನ್ನುವುದು ನಮಗೆ ಹೊಸದೂ ಅಲ್ಲ. ಹಾಲು, ದಿನಪತ್ರಿಕೆ, ಕೇಬಲ್ ಟಿವಿ ಎಲ್ಲ ತಿಂಗಳ ಲೆಕ್ಕದಲ್ಲೇ ನಡೆದದ್ದು. ಆದರೆ ಹಾಲಿನವರು ಮಲಗಿದ್ದಾಗ ಹಾಲು ಮನೆಗೆ ಬಂದದ್ದನ್ನು ಯಾರೂ ನೋಡಿಲ್ಲ. ಸಂದೇಶದ ತೊಂದರೆ ಇರುವುದು “ಸಿಕ್ಕರೆ ಸಾಕು” ಮತ್ತು “ಮಲಗಿದ್ದರೂ” ಎಂಬ ಮಾತುಗಳಲ್ಲಿ.

ನಿಜಕ್ಕೂ ನಡೆದ ಒಂದು ಉದಾಹರಣೆ

ಇಷ್ಟವಾದ ವೆಬ್‌ಪುಟಗಳ ವಿಳಾಸವನ್ನು ಗುರುತು ಹಾಕಿ ಇಡಲು ಡಿಲಿಶಿಯಸ್ ಎಂಬ ಉಚಿತ ಸೇವೆಯೊಂದು ಅಮೆರಿಕದಲ್ಲಿತ್ತು. 2005ರಲ್ಲಿ ಯಾಹೂ ಅದನ್ನು ಕೊಂಡುಕೊಂಡಿತು. ಒಂದು ಕಾಲಕ್ಕೆ ಅದರ ಬಳಕೆದಾರರು 50 ಲಕ್ಷ ದಾಟಿದ್ದರು. 2009ರ ಜುಲೈನಲ್ಲಿ ಮಾಚೆಯ್ ತ್ಸೆಗ್ವೊಫ್‌ಸ್ಕಿ ಎಂಬ ಪ್ರೋಗ್ರಾಮರ್ ಅದೇ ಕೆಲಸ ಮಾಡುವ ಪಿನ್‌ಬೋರ್ಡ್ ಎಂಬ ಸಣ್ಣ ಸೇವೆ ಆರಂಭಿಸಿದರು. ಸೇರಬೇಕಾದರೆ ದುಡ್ಡು ಕೊಡಬೇಕು. ಶುಲ್ಕದ ಸೂತ್ರವೂ ವಿಚಿತ್ರವಾಗಿತ್ತು: ಈಗಾಗಲೇ ಎಷ್ಟು ಬಳಕೆದಾರರಿದ್ದಾರೋ ಅದನ್ನು ಡಾಲರಿನ ಸಾವಿರದ ಒಂದು ಭಾಗದಿಂದ ಗುಣಿಸಿದಷ್ಟು. ಅಂದರೆ 6,000 ಜನರಿದ್ದರೆ ಮುಂದೆ ಬರುವವರಿಗೆ 6 ಡಾಲರ್. ತಡಮಾಡಿದಷ್ಟೂ ಬೆಲೆ ಜಾಸ್ತಿ.

ಉಚಿತವಾಗಿ ಸಿಗುವುದಕ್ಕೆ ಯಾರು ದುಡ್ಡು ಕೊಡುತ್ತಾರೆ? 2010ರ ಡಿಸೆಂಬರ್‌ನಲ್ಲಿ ಉತ್ತರ ಸಿಕ್ಕಿತು. ಡಿಲಿಶಿಯಸ್ ಅನ್ನು ಮುಚ್ಚುವ ಸೇವೆಗಳ ಪಟ್ಟಿಯಲ್ಲಿ ತೋರಿಸಿದ್ದ ಯಾಹೂದ ಒಳಗಿನ ಒಂದು ಸ್ಲೈಡ್ ಹೊರಬಿತ್ತು. ವರ್ಷಗಳ ಸಂಗ್ರಹ ಕಳೆದುಹೋಗುತ್ತದೆಂದು ಗಾಬರಿಯಾದ ಜನ ಪಿನ್‌ಬೋರ್ಡ್‌ಗೆ ನುಗ್ಗಿದರು. ಯಾಹೂ ಕೊನೆಗೆ ಡಿಲಿಶಿಯಸ್ ಅನ್ನು ಮುಚ್ಚಲಿಲ್ಲ, 2011ರಲ್ಲಿ ಯೂಟ್ಯೂಬ್ ಸ್ಥಾಪಕರ ಕಂಪನಿಗೆ ಮಾರಿತು. ಅಲ್ಲಿಂದ ಮುಂದೆ ಅದು ಕೈಯಿಂದ ಕೈಗೆ ಹೋಯಿತು. 2017ರ ಜೂನ್‌ನಲ್ಲಿ ಅದನ್ನು ಕೊಂಡವರು ಯಾರು ಗೊತ್ತೇ? ಪಿನ್‌ಬೋರ್ಡ್. ಬೆಲೆ 35,000 ಡಾಲರ್. 50 ಲಕ್ಷ ಉಚಿತ ಬಳಕೆದಾರರನ್ನು ಕಂಡಿದ್ದ ಸೇವೆ ಒಂದು ಒಳ್ಳೆಯ ಕಾರಿನ ಬೆಲೆಗೆ ಹೋಯಿತು.

ಫಾರ್ವರ್ಡ್ ಮಾಡುವವರು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನಮಗೆ ಮುಖ್ಯ ಎನಿಸಿದ್ದು ನಡುವಿನ ಒಂದು ಸಣ್ಣ ಸಂಗತಿ. 2015ರಲ್ಲಿ ಪಿನ್‌ಬೋರ್ಡ್ ಒಂದೇ ಸಲದ ಶುಲ್ಕವನ್ನು ಕೈಬಿಟ್ಟು, ಹೊಸಬರಿಗೆ ವರ್ಷಕ್ಕೆ 11 ಡಾಲರ್ ಚಂದಾ ಗೊತ್ತುಮಾಡಿತು. ಕಾರಣ ಊಹಿಸುವುದು ಕಷ್ಟವಲ್ಲ. ಬಳಕೆದಾರ ಕೊಡುವುದು ಒಮ್ಮೆ, ಆದರೆ ಅವನ ಸಂಗ್ರಹವನ್ನು ಕಾಯುವ ಸರ್ವರ್ ಖರ್ಚು ಪ್ರತಿ ತಿಂಗಳೂ ಬರುತ್ತದೆ. “ಒಂದೇ ಸಲ ಕೆಲಸ” ಎಂಬ ಮಾತು ಇಲ್ಲೇ ಬಿದ್ದುಹೋಗುತ್ತದೆ.

ತೂತಿರುವ ಟ್ಯಾಂಕ್

ಈಗ ಆ 500 ಜನರ ವಿಷಯಕ್ಕೆ ಬರೋಣ. ಚಂದಾದಾರರು ಬರುತ್ತಾರೆ, ಹೋಗುತ್ತಲೂ ಇರುತ್ತಾರೆ. ಅಂಗಡಿ ಮುಚ್ಚಿರುತ್ತಾರೆ, ಬೇರೆ ಆ್ಯಪ್ ಹಿಡಿಸಿರುತ್ತದೆ, ಅಥವಾ ಸುಮ್ಮನೆ ಬೇಡವಾಗಿರುತ್ತದೆ. ಪ್ರತಿ ತಿಂಗಳು ನೂರಕ್ಕೆ 5 ಜನ ಬಿಟ್ಟುಹೋಗುತ್ತಾರೆ, 10 ಹೊಸಬರು ಸೇರುತ್ತಾರೆ ಎಂದುಕೊಳ್ಳಿ. ಕೇಳಲು ಚೆನ್ನಾಗಿದೆ. ಆದರೆ 200 ಜನರಾದ ದಿನ ಆ ವ್ಯಾಪಾರ ನಿಂತುಬಿಡುತ್ತದೆ. 200ರ ಶೇ 5 ಎಂದರೆ 10. ಬಂದಷ್ಟೇ ಜನ ಹೋಗುತ್ತಾರೆ. ನೀವು ಹತ್ತು ವರ್ಷ ದುಡಿದರೂ, ಈ ಎರಡು ಅಂಕಿಗಳು ಬದಲಾಗದಿದ್ದರೆ 201ನೆಯವರು ನಿಮ್ಮಲ್ಲಿ ಉಳಿಯುವುದಿಲ್ಲ.

ಮನೆಯ ಮೇಲಿನ ಟ್ಯಾಂಕಿನ ತಳದಲ್ಲಿ ಒಂದು ತೂತಿದೆ ಎಂದುಕೊಳ್ಳಿ. ನೀರಿನ ಮಟ್ಟ ಏರಿದಂತೆ ತಳದ ಒತ್ತಡವೂ ಏರುತ್ತದೆ, ತೂತಿನಿಂದ ನೀರು ಇನ್ನೂ ಜೋರಾಗಿ ಹೋಗುತ್ತದೆ. ಮೋಟಾರ್ ತುಂಬಿಸುವಷ್ಟೇ ನೀರು ಸೋರಲು ಶುರುವಾದ ಮಟ್ಟದಲ್ಲಿ ಟ್ಯಾಂಕ್ ನಿಂತುಬಿಡುತ್ತದೆ. ಹನಿ ಹನಿ ಕೂಡಿದರೆ ಹಳ್ಳ ನಿಜ, ಆದರೆ ತಳ ಗಟ್ಟಿಯಿರಬೇಕು.

ಇನ್ನೂ ಮೋಸದ ವಿಷಯವೆಂದರೆ ಮೊದಲ ವರ್ಷ ಈ ತೂತು ಕಾಣಿಸುವುದೇ ಇಲ್ಲ. ತಿಂಗಳಿಗೆ 10 ಹೊಸಬರು ಬರುವ ಎರಡು ಆ್ಯಪ್‌ಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ ಬಿಟ್ಟುಹೋಗುವವರು ತಿಂಗಳಿಗೆ ಶೇ 5, ಇನ್ನೊಂದರಲ್ಲಿ ಶೇ 2. ಒಂದು ವರ್ಷದ ಕೊನೆಗೆ ಮೊದಲನೆಯದರಲ್ಲಿ ಸುಮಾರು 92 ಜನ, ಎರಡನೆಯದರಲ್ಲಿ 108. ಅಂಥ ವ್ಯತ್ಯಾಸವೇನಲ್ಲ. ಮೂರು ವರ್ಷದ ಕೊನೆಗೆ 168 ಮತ್ತು 258. ಮೊದಲನೆಯದು ತನ್ನ ಮಿತಿಯಾದ 200ರ ಹತ್ತಿರ ಬಂದು ತೆವಳುತ್ತಿರುತ್ತದೆ, ಎರಡನೆಯದು 500ರ ಕಡೆಗೆ ಇನ್ನೂ ಏರುತ್ತಿರುತ್ತದೆ. ಫಾರ್ವರ್ಡ್ ಸಂದೇಶದ ಸ್ಕ್ರೀನ್‌ಶಾಟ್‌ಗಳು ಹೆಚ್ಚಾಗಿ ಮೊದಲ ಕೆಲವು ತಿಂಗಳ ಏರಿಕೆಯವೇ. ಮೂರನೇ ವರ್ಷದ ಚಿತ್ರವನ್ನು ಯಾರೂ ಕಳಿಸುವುದಿಲ್ಲ.

ಅಂದಹಾಗೆ, ಶೇ 5 ಸೋರಿಕೆಯಿದ್ದರೆ 500 ಜನರನ್ನು 500 ಆಗಿಯೇ ಉಳಿಸಿಕೊಳ್ಳಲು ಪ್ರತಿ ತಿಂಗಳು 25 ಹೊಸಬರನ್ನು ಹುಡುಕಬೇಕು. ಮಲಗಿಕೊಂಡು ಹುಡುಕುವುದು ಹೇಗೋ ಸಂದೇಶ ಬರೆದವರೇ ಹೇಳಬೇಕು.

ಒಂದೂವರೆ ಲಕ್ಷದಲ್ಲಿ ಕೈಗೆ ಎಷ್ಟು?

500 ಜನ, 300 ರೂಪಾಯಿ, 12 ತಿಂಗಳು. ವರ್ಷಕ್ಕೆ 18 ಲಕ್ಷ ರೂಪಾಯಿ. ಕರ್ನಾಟಕದಲ್ಲಿ ಸೇವೆ ಮಾರುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಸಾಮಾನ್ಯ ಪದ್ಧತಿಯಲ್ಲಿ ಸಾಫ್ಟ್‌ವೇರ್ ಸೇವೆಗೆ ಶೇ 18 ತೆರಿಗೆ. ವ್ಯಾಪಾರ ಚೆನ್ನಾಗಿ ನಡೆದು 600 ಜನರಾದರು ಎಂದುಕೊಳ್ಳಿ. ಗ್ರಾಹಕರಿಂದ ಪಡೆಯುವ 300 ರೂಪಾಯಿಯನ್ನು ಏರಿಸದೆ ಅದರಲ್ಲೇ ತೆರಿಗೆ ಕಟ್ಟಿದರೆ ನಿಮಗೆ ಉಳಿಯುವುದು ಸುಮಾರು 254. 600 ಜನರಿಂದ ತಿಂಗಳಿಗೆ 1,52,500 ರೂಪಾಯಿ. 100 ಜನರನ್ನು ಹೆಚ್ಚು ಸೇರಿಸಿದ್ದಕ್ಕೆ ಸಿಕ್ಕಿದ್ದು ಎರಡೂವರೆ ಸಾವಿರ! ಖರ್ಚಿನ ಮೇಲೆ ಕಟ್ಟಿದ ತೆರಿಗೆಯನ್ನು ಒಂದಿಷ್ಟು ಹಿಂಪಡೆಯಬಹುದು, ಆದರೂ ಈ ಮೆಟ್ಟಿಲು ಮೊದಲೇ ಗೊತ್ತಿರಬೇಕು.

ಇದಾದ ಮೇಲೆ ಹಣ ಪಾವತಿ ಕಂಪನಿಯ ಶುಲ್ಕ, ಸರ್ವರ್ ಬಾಡಿಗೆ, ಎಸ್‌ಎಂಎಸ್ ಖರ್ಚು, ಲೆಕ್ಕಪರಿಶೋಧಕರ ಶುಲ್ಕ, ಆದಾಯ ತೆರಿಗೆ. ಆ್ಯಪ್ ಸ್ಟೋರ್ ಮೂಲಕ ಮಾರಿದರೆ ಕಡಿತ ಇನ್ನೂ ದೊಡ್ಡದು. ಚಂದಾ ಮೇಲಿನ ಕಮಿಷನ್ 2022ರ ಜನವರಿಯಿಂದ ಮೊದಲ ದಿನದಿಂದಲೇ ಶೇ 15 ಎಂದು ಗೂಗಲ್ ಪ್ಲೇ ಮಾಡಿದ್ದನ್ನೇ ರಿಯಾಯಿತಿ ಎನ್ನಲಾಯಿತು, ಯಾಕೆಂದರೆ ಅದಕ್ಕೂ ಮೊದಲು ಮೊದಲ ವರ್ಷ ಶೇ 30 ಇತ್ತು.

2025ರ ಸೆಪ್ಟೆಂಬರ್ 22ರಂದು ಎದ್ದಿದ್ದವರು

“ಎಐ ಒಂದೇ ದಿನದಲ್ಲಿ ಆ್ಯಪ್ ಮಾಡಿಕೊಡುತ್ತದೆ” ಎಂಬುದರಲ್ಲೂ ಅರ್ಧ ಸತ್ಯವಿದೆ. ಕೋಡ್ ಬರೆಯುವುದು ಅಗ್ಗವಾಗಿದೆ, ನಿಮಗೂ, ನಿಮ್ಮ ಪಕ್ಕದ ಮನೆಯವರಿಗೂ. ಒಂದು ದಿನದಲ್ಲಿ ಮಾಡಿದ್ದನ್ನು ಇನ್ನೊಬ್ಬರು ಒಂದು ದಿನದಲ್ಲಿ ನಕಲು ಮಾಡುತ್ತಾರೆ.

ಹಾಗಿದ್ದರೆ ಗ್ರಾಹಕ ತಿಂಗಳು ತಿಂಗಳು ದುಡ್ಡು ಕೊಡುವುದು ಯಾವುದಕ್ಕೆ? ಕಿರಾಣಿ ಅಂಗಡಿಗೆ ಬಿಲ್ ಮಾಡುವ ಸಾಫ್ಟ್‌ವೇರ್ ನಿಮ್ಮದು ಎಂದುಕೊಳ್ಳಿ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು, ಶೇ 12 ಮತ್ತು ಶೇ 28ರ ಹಂತಗಳು ಹೋದವು. ಆ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವಾಗ ಬಿಲ್ಲಿನಲ್ಲಿ ಹೊಸ ದರವೇ ಬರಬೇಕು. ಹಳೆಯ ಬಿಲ್ಲಿನ ಮೇಲೆ ಸರಕು ವಾಪಸ್ ಬಂದರೆ ಹಳೆಯ ದರ ಬರಬೇಕು. ಸರಿಯಾಗಿ ಬಂದರೆ ಯಾರೂ ಹೊಗಳುವುದಿಲ್ಲ. ತಪ್ಪಾದರೆ ಐನೂರು ಅಂಗಡಿಗಳಿಂದ ಒಟ್ಟಿಗೆ ಫೋನ್. ಚಂದಾ ಕೊಡುವವರು ಕೊಡುವುದು ಆ ಫೋನ್ ಎತ್ತುವವರಿಗೆ.

ಗ್ರಾಹಕರನ್ನು ಆರಿಸುವಾಗಲೂ ಇದೇ ಲೆಕ್ಕ ನೋಡಬೇಕು. ತೂಕ ಇಳಿಸುವ ಆ್ಯಪ್‌ಗೆ ಜನವರಿಯಲ್ಲಿ ಜನ ಸೇರುತ್ತಾರೆ, ಮಾರ್ಚ್ ಹೊತ್ತಿಗೆ ಮರೆಯುತ್ತಾರೆ. ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರು ರೈತರ ಖಾತೆಗಳನ್ನೆಲ್ಲ ಒಂದು ಸಾಫ್ಟ್‌ವೇರ್‌ಗೆ ಹಾಕಿದ್ದರೆ ಅದನ್ನು ಬಿಡಲು ಹತ್ತು ಸಲ ಯೋಚಿಸುತ್ತಾರೆ. ಅವರು ಸಿಗುವುದೂ ಅಷ್ಟೇ ಕಷ್ಟ, ಮಂಡಿಗೆ ಹೋಗಿ ಕೂತು ಅವರ ಲೆಕ್ಕದ ರೀತಿ ಕಲಿಯಬೇಕು. ನಮ್ಮನ್ನು ಕೇಳಿದರೆ, ತಿಂಗಳಿಗೆ 100 ರೂಪಾಯಿ ಕೊಡುವ ಸಾವಿರ ಜನರಿಗಿಂತ ಸಾವಿರ ರೂಪಾಯಿ ಕೊಡುವ ಇಂಥ ನೂರು ಜನ ಮೇಲು. ಮೊತ್ತ ಒಂದೇ, ಫೋನ್ ಕರೆಗಳು ಹತ್ತರಲ್ಲಿ ಒಂದು ಪಾಲು.

ಬೇಕೆಂದು ಬಿಡದವರೂ ಬಿಟ್ಟುಹೋಗುತ್ತಾರೆ

ಕಾರ್ಡಿನ ಅವಧಿ ಮುಗಿದಿರುತ್ತದೆ, ಖಾತೆಯಲ್ಲಿ ಹಣ ಇರುವುದಿಲ್ಲ, ಹಾಗಾಗಿ ಚಂದಾ ಕಡಿತವಾಗುವುದಿಲ್ಲ. ಗ್ರಾಹಕರಿಗೆ ಗೊತ್ತೇ ಇಲ್ಲ, ಆದರೆ ಅವರು ಹೋದಂತೆಯೇ ಲೆಕ್ಕ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ಸ್ವಯಂ ಪಾವತಿಗೆ ಹೊಸ ನಿಯಮ ತಂದಾಗ, ಹೊಸದಾಗಿ ಒಪ್ಪಿಗೆ ಪಡೆಯದ ಹಳೆಯ ಕಾರ್ಡ್ ಚಂದಾಗಳು ಹೀಗೆಯೇ ನಿಂತುಹೋದವು. ಒಟಿಪಿ ಇಲ್ಲದೆ ಕಡಿತವಾಗುವ ಮಿತಿ ಆಗ 5,000 ರೂಪಾಯಿ ಇತ್ತು, 2022ರ ಜೂನ್‌ನಲ್ಲಿ ಅದು 15,000 ಆಯಿತು. ಸಣ್ಣ ವ್ಯಾಪಾರಿಗೆ ಇದು ತಲೆನೋವು, ಗ್ರಾಹಕರಾಗಿ ನಮಗೆ ರಕ್ಷಣೆ.

ಸ್ಕ್ರೀನ್‌ಶಾಟ್ ನಂಬಬಹುದೇ?

ಕಂಪ್ಯೂಟರಿನ ಬ್ರೌಸರ್‌ನಲ್ಲಿ ಯಾವುದೇ ವೆಬ್‌ಪುಟದ ಅಂಕಿಯನ್ನು ಅರ್ಧ ನಿಮಿಷದಲ್ಲಿ ತಿದ್ದಿ ಚಿತ್ರ ತೆಗೆಯಬಹುದು. ಅದಕ್ಕೆ ವಿಶೇಷ ಸಾಫ್ಟ್‌ವೇರ್ ಕೂಡ ಬೇಡ. ಚಿತ್ರ ಅಸಲಿಯೇ ಆಗಿದ್ದರೂ ಅದು ತೋರಿಸುವುದು ಬಂದ ಹಣವನ್ನು, ಉಳಿದ ಹಣವನ್ನಲ್ಲ. ಗುಂಪಿನಲ್ಲಿ ಇಂಥ ಸಂದೇಶ ಹಾಕಿದವರನ್ನು ಒಂದು ಪ್ರಶ್ನೆ ಕೇಳಿ: ಕಳೆದ ತಿಂಗಳು ಎಷ್ಟು ಚಂದಾದಾರರು ಬಿಟ್ಟುಹೋದರು? ನಿಜಕ್ಕೂ ವ್ಯಾಪಾರ ಮಾಡುತ್ತಿರುವವರಿಗೆ ಈ ಅಂಕಿ ನಾಲಿಗೆಯ ತುದಿಯಲ್ಲಿರುತ್ತದೆ.

ಈಗಾಗಲೇ ಲಿಂಕ್ ಒತ್ತಿ, ಕಡಿಮೆ ದುಡ್ಡಿನ ಪ್ರಯೋಗಕ್ಕೆಂದು ತರಬೇತಿಗೆ ಸೇರಿದ್ದರೆ, ನಿಮ್ಮ ಯುಪಿಐ ಆ್ಯಪ್ ತೆರೆದು ಆಟೋಪೇ ಅಥವಾ ಮ್ಯಾಂಡೇಟ್ ಎಂಬ ವಿಭಾಗ ನೋಡಿ. ತಿಂಗಳು ತಿಂಗಳು ಹಣ ಕಡಿಯಲು ನೀವು ಯಾರಿಗೆಲ್ಲ ಒಪ್ಪಿಗೆ ಕೊಟ್ಟಿದ್ದೀರಿ ಎಂಬ ಪಟ್ಟಿ ಅಲ್ಲಿರುತ್ತದೆ. ಬೇಡದ್ದನ್ನು ಅಲ್ಲೇ ರದ್ದು ಮಾಡಬಹುದು, ಮಾರಿದವರ ಅನುಮತಿ ಬೇಕಿಲ್ಲ.